ಇಸವಿ ಸರಿಯಾಗಿ ಗೊತ್ತಿಲ್ಲದ ಹಳೆಯ ಕನ್ನಡ ಪುಸ್ತಕವನ್ನು ಡಿಜಿಟಲ್ ಗ್ರಂಥಾಲಯದಲ್ಲಿ ಹುಡುಕುವ ಬಗೆ

ನೂರು ವರ್ಷ ಹಿಂದಿನ ಕನ್ನಡ ಪುಸ್ತಕ ಹುಡುಕುವವರು ಸಾಮಾನ್ಯವಾಗಿ ಮಾಡುವುದು ಒಂದೇ. ಹುಡುಕಾಟದ ಪುಟಕ್ಕೆ ಹೋಗಿ, ಭಾಷೆ ಕನ್ನಡ ಅಂತ ಆರಿಸಿ, ಇಸವಿಯ ಜಾಗದಲ್ಲಿ 1890ರಿಂದ 1899 ಅಂತ ಹಾಕುತ್ತಾರೆ. ಹತ್ತೋ ಇಪ್ಪತ್ತೋ ಪುಸ್ತಕ ಬರುತ್ತವೆ. ಬೇಕಾದದ್ದು ಅದರಲ್ಲಿ ಇಲ್ಲದಿದ್ದರೆ ‘ಇಲ್ಲಿ ಇಲ್ಲ’ ಅಂತ ಮುಂದೆ ಹೋಗುತ್ತಾರೆ. ಎಷ್ಟೋ ಸಲ ಆ ಪುಸ್ತಕ ಅಲ್ಲೇ ಇರುತ್ತದೆ. ಅದರ ಇಸವಿ ಖಾಲಿ ಇರಬಹುದು, 1900 ಅಂತ ಸುಮ್ನೆ ತುಂಬಿರಬಹುದು, ಇಲ್ಲವೇ ಶಕ ವರ್ಷವನ್ನೇ ಇಸವಿ ಅಂತ ಬರೆದಿರಬಹುದು.

ಕ್ಯಾಟಲಾಗಿನಲ್ಲಿ ಕಾಣುವ ಇಸವಿ ಎಷ್ಟೋ ಸಲ ಯಾರೋ ಮಾಡಿದ ಅಂದಾಜು. ಅದನ್ನು ಒಂದು ವರ್ಷ ಅಂತ ಓದಬೇಡಿ. ‘ಇಂಥ ವರ್ಷದಿಂದ ಇಂಥ ವರ್ಷದೊಳಗೆ’ ಅಂತ ಓದಿ, ಹಾಗೆಯೇ ಹುಡುಕಿ. ಇಷ್ಟು ರೂಢಿಯಾದರೆ ಸಿಗದ ಪುಸ್ತಕಗಳು ಸಿಗತೊಡಗುತ್ತವೆ.

ಮೊದಲ ಹಂತ: ಇಸವಿಯ ಸೋಸಣಿಗೆ (ಫಿಲ್ಟರ್) ಇಲ್ಲದೆ ಹುಡುಕಿ

ಇಸವಿಯ ಸೋಸಣಿಗೆಯನ್ನು ಮೊದಲು ಮುಟ್ಟಬೇಡಿ. ಹೆಸರು, ಬರೆದವರು, ಅಚ್ಚಾದ ಊರು ಇಷ್ಟರಲ್ಲೇ ಒಂದು ಸುತ್ತು ಹುಡುಕಿ. ಹೆಚ್ಚಿನ ಕಡೆ ಇಸವಿ ಇಲ್ಲದ ದಾಖಲೆಗಳು ಸೋಸಣಿಗೆ ಹಾಕಿದ ಕ್ಷಣ ಮಾಯವಾಗುತ್ತವೆ. ಬಿಟ್ಟುಹೋದವು ಎಷ್ಟು ಅಂತ ಪರದೆ ಹೇಳುವುದೂ ಇಲ್ಲ.

ಹೆಸರನ್ನು ಕನ್ನಡ ಲಿಪಿಯಲ್ಲಿ ಒಂದು ಸಲ, ಇಂಗ್ಲಿಷ್ ಲಿಪಿಯಲ್ಲಿ ಎರಡು ಮೂರು ಕಾಗುಣಿತದಲ್ಲಿ ಒಂದೊಂದು ಸಲ ಹಾಕಿ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳ ಹೆಸರು ಬಹುಪಾಲು ಇಂಗ್ಲಿಷ್ ಲಿಪಿಯಲ್ಲೇ ಇದೆ. ದೀರ್ಘ, ಮಹಾಪ್ರಾಣ ಯಾವುದಕ್ಕೂ ಒಂದು ನಿಯಮ ಅಂತ ಇಲ್ಲ. ‘ಭಾರತ’ದ ಭಕಾರಕ್ಕೆ ಎಚ್ ಅಕ್ಷರ ಇರುತ್ತದೋ ಇಲ್ಲವೋ ಹೇಳಲಾಗದು.

ಎರಡನೆಯ ಹಂತ: ಇಸವಿಯ ಸುತ್ತ ಇರುವ ಗುರುತುಗಳನ್ನು ಓದಿ

ಗ್ರಂಥಾಲಯದವರು ಇಸವಿಯ ಜೊತೆ ಹಾಕುವ ಚಿಕ್ಕ ಚಿಹ್ನೆಗಳಿಗೆ ಖಚಿತ ಅರ್ಥ ಇದೆ. ಇವು ಅಲಂಕಾರಕ್ಕೆ ಹಾಕಿದವಲ್ಲ.

[1893] ಅಂತ ಚೌಕ ಆವರಣದಲ್ಲಿದ್ದರೆ, ಆ ಇಸವಿ ಪುಸ್ತಕದ ಶೀರ್ಷಿಕೆ ಪುಟದಂಥ ನಿಗದಿತ ಜಾಗದಲ್ಲಿ ಸಿಕ್ಕಿದ್ದಲ್ಲ. ಕ್ಯಾಟಲಾಗ್ ಮಾಡಿದವರು ಬೇರೆ ಕಡೆಯಿಂದ ತಿಳಿದು ಸೇರಿಸಿದ್ದು.

[1893?] ಅಂದರೆ ಬಹುಶಃ 1893. ಆಧಾರ ಇದೆ, ಪೂರ್ತಿ ನಂಬಿಕೆ ಇಲ್ಲ.

[189-] ಅಂದರೆ ದಶಕ ಗೊತ್ತು, ವರ್ಷ ಗೊತ್ತಿಲ್ಲ. [189-?] ಅಂದರೆ ದಶಕವೂ ಅನುಮಾನ. [18--] ಅಂದರೆ ಶತಮಾನ ಮಾತ್ರ ಗೊತ್ತು. ಇದು ಗ್ರಂಥಾಲಯದ ಪಟ್ಟಿ ಮಾಡುವ ಹಳೆಯ ನಿಯಮದ ಬರವಣಿಗೆ. ಈಗಿನ ಆರ್‌ಡಿಎ ನಿಯಮದಲ್ಲಿ ಇದನ್ನೇ ‘1890 ಮತ್ತು 1899ರ ನಡುವೆ’ ಅಂತ ಬಿಡಿಸಿ ಬರೆಯುತ್ತಾರೆ. ಒಂದೇ ಗ್ರಂಥಾಲಯದಲ್ಲಿ ಎರಡೂ ರೀತಿ ಕಾಣುವುದು ಇದರಿಂದಲೇ.

1697 [ಐ.ಇ. 1967] ಅಂತ ಇದ್ದರೆ ಪುಸ್ತಕದಲ್ಲಿ ಅಚ್ಚಾಗಿರುವುದು 1697, ಅದು ಅಚ್ಚಿನ ತಪ್ಪು, ನಿಜವಾದದ್ದು 1967.

ಎನ್.ಡಿ. ಅಥವಾ ಎಸ್.ಎ. ಅಂದರೆ ಇಸವಿ ಇಲ್ಲ.

ಬಹಳ ಜನ ಎಡವುವುದು ಇಂಗ್ಲಿಷಿನ ಸಿ ಅಕ್ಷರದ ಹತ್ತಿರ. ಸಿ ಅಕ್ಷರ ಇಸವಿಗೆ ಅಂಟಿಕೊಂಡಿದ್ದರೆ (ಸಿ1954 ಅನ್ನುವ ಹಾಗೆ) ಅದು ಕಾಪಿರೈಟ್ ವರ್ಷ. ಸಿಎ ಅಂತ ಎರಡಕ್ಷರ ಇದ್ದರೆ, ಅಥವಾ ಸಿ ಆದ ಮೇಲೆ ಚುಕ್ಕೆಯೋ ಜಾಗವೋ ಇದ್ದರೆ, ‘ಸುಮಾರು’ ಅಂತ ಅರ್ಥ. ಮೊದಲನೆಯದು ಪುಸ್ತಕದಲ್ಲೇ ಅಚ್ಚಾಗಿದ್ದ ವರ್ಷ, ಎರಡನೆಯದು ಅಂದಾಜು. ಇವೆರಡನ್ನು ಒಂದೇ ಅಂದುಕೊಂಡರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ನನಗಂತೂ ಪ್ರಶ್ನಾರ್ಥಕ ಚಿಹ್ನೆ ಇರುವ ದಾಖಲೆಯ ಮೇಲೆ ಜಾಸ್ತಿ ಭರವಸೆ. ಯಾರೋ ಪುಸ್ತಕ ಕೈಯಲ್ಲಿ ಹಿಡಿದು ಯೋಚನೆ ಮಾಡಿದ್ದಾರೆ ಅಂತ ಅದರಿಂದ ಗೊತ್ತಾಗುತ್ತದೆ. ಚಿಹ್ನೆಯೇ ಇಲ್ಲದ ದುಂಡು ಇಸವಿಗಳನ್ನು, ಅಂದರೆ 1800, 1850, 1900 ಇಂಥವನ್ನು ಕಂಡರೆ ಅನುಮಾನಿಸಿ. 19-- ಅಂತ ಇದ್ದದ್ದನ್ನು ಕಂಪ್ಯೂಟರಿಗೆ ಹಾಕುವಾಗ ಗೀಟಿನ ಜಾಗದಲ್ಲಿ ಸೊನ್ನೆ ಕೂತರೆ 1900 ಆಗಿಬಿಡುತ್ತದೆ. 9999, 0000, 1111 ಇವು ಖಾಲಿ ಬಿಡಲು ಬಿಡದ ಫಾರಂನಲ್ಲಿ ತುಂಬಿದ ಅಂಕಿಗಳು. 1970ರ ಜನವರಿ 1 ಅಂತ ಕಂಡರೆ ಅದು ಕಂಪ್ಯೂಟರಿನ ಗಡಿಯಾರ ಎಣಿಕೆ ಶುರುಮಾಡುವ ದಿನ. ಪುಸ್ತಕಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮೂರನೆಯ ಹಂತ: ಅದು ಯಾವುದರ ಇಸವಿ?

ಒಂದೇ ದಾಖಲೆಯಲ್ಲಿ ನಾಲ್ಕೈದು ದಿನಾಂಕ ಇರಬಹುದು. ಮೇಲೆ ಹೇಳಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಯಾವುದಾದರೂ ಪುಸ್ತಕ ತೆರೆದು ಕೆಳಗೆ ವಿವರಗಳ ಪಟ್ಟಿ ನೋಡಿ. ‘ಡೇಟ್ ಅಕ್ಸೆಶನ್ಡ್’ ಅಂತ ಒಂದು, ‘ಡೇಟ್ ಅವೈಲಬಲ್’ ಅಂತ ಒಂದು, ‘ಡಿಜಿಟಲ್ ಪಬ್ಲಿಕೇಶನ್ ಡೇಟ್’ ಅಂತ ಒಂದು, ‘ಡೇಟ್ ಸೈಟೇಶನ್’ ಅಂತ ಒಂದು ಇರುತ್ತವೆ. ಮೊದಲ ಮೂರೂ ಸ್ಕ್ಯಾನ್ ಆಗಿದ್ದು, ಜಾಲಕ್ಕೆ ಸೇರಿದ್ದು ಇದರ ಲೆಕ್ಕ. ಪುಸ್ತಕ ಅಚ್ಚಾದ ವರ್ಷಕ್ಕೆ ಹತ್ತಿರವಾದದ್ದು ಕೊನೆಯದು ಮಾತ್ರ. ಫಲಿತಾಂಶಗಳನ್ನು ದಿನಾಂಕದ ಪ್ರಕಾರ ಜೋಡಿಸುವಾಗಲೂ ‘ಪ್ರಕಟವಾದ ದಿನ’ ಬೇರೆ, ‘ಆರ್ಕೈವ್‌ಗೆ ಸೇರಿದ ದಿನ’ ಬೇರೆ. ಯಾವುದನ್ನು ಒತ್ತಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ.

ಕೃತಿ ಹುಟ್ಟಿದ ಕಾಲ, ಅದು ಮೊದಲು ಅಚ್ಚಾದ ಕಾಲ, ನಿಮ್ಮ ಮುಂದಿರುವ ಪ್ರತಿ ಅಚ್ಚಾದ ಕಾಲ ಇವು ಮೂರೂ ಬೇರೆ ಬೇರೆ. ಕವಿರಾಜಮಾರ್ಗ ಒಂಬತ್ತನೆಯ ಶತಮಾನದ್ದು. ಕೆ. ಬಿ. ಪಾಠಕ್ ಅವರು ಸಂಪಾದಿಸಿದ ಅದರ ಮುದ್ರಣ 1898ರಲ್ಲಿ ಬಂತು. ನಂತರದ ಮುದ್ರಣಗಳು ಬೇರೆಯವು. ಕ್ಯಾಟಲಾಗಿನ ಒಂದೇ ಇಸವಿಯ ಕೋಣೆಯಲ್ಲಿ ಇವುಗಳಲ್ಲಿ ಯಾವುದು ಕೂತಿದೆಯೋ ನೋಡಿದರೇ ಗೊತ್ತಾಗುವುದು. ತಾಳೆಗರಿಯ ಹಸ್ತಪ್ರತಿಗಳಲ್ಲಿ ಈ ಗೋಜಲು ಇನ್ನೂ ಹೆಚ್ಚು. ಕವಿಯ ಕಾಲ ಒಂದು, ಪ್ರತಿ ಮಾಡಿದವನ ಕಾಲ ಇನ್ನೊಂದು. ಎರಡರ ನಡುವೆ ಕೆಲವೊಮ್ಮೆ ಆರೇಳು ಶತಮಾನ.

ಮರುಮುದ್ರಣದಲ್ಲಿ ಮೊದಲ ಮುದ್ರಣದ ಮುನ್ನುಡಿಯನ್ನು ಹಾಗೇ ಹಾಕುವುದು ನಮ್ಮಲ್ಲಿ ರೂಢಿ. ಆ ಮುನ್ನುಡಿಯ ಕೊನೆಯಲ್ಲಿರುವ ತಾರೀಖನ್ನು ಈ ಪ್ರತಿಯ ಇಸವಿ ಅಂತ ತೆಗೆದುಕೊಂಡ ದಾಖಲೆಗಳು ಇರುತ್ತವೆ. ಆದ್ದರಿಂದ ಶೀರ್ಷಿಕೆ ಪುಟದ ಹಿಂಬದಿಯನ್ನೂ ರಕ್ಷಾಪುಟದ ಒಳಭಾಗವನ್ನೂ ಬಿಡದೆ ನೋಡಿ.

ನಾಲ್ಕನೆಯ ಹಂತ: ಶಕ ವರ್ಷ, ಸಂವತ್ಸರ

ಕನ್ನಡ ಪುಸ್ತಕಗಳ ಮಟ್ಟಿಗೆ ನಿಜವಾದ ಕೆಲಸ ಇರುವುದು ಇಲ್ಲೇ. ಹತ್ತೊಂಬತ್ತನೆಯ ಶತಮಾನದ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಎಷ್ಟೋ ಪುಸ್ತಕಗಳಲ್ಲಿ ಇಸವಿಯೇ ಇರುವುದಿಲ್ಲ. ‘ಶಾಲಿವಾಹನ ಶಕ 1815, ವಿಜಯ ಸಂವತ್ಸರದ ಪುಷ್ಯ ಶುದ್ಧ’ ಅಂತ ಇರುತ್ತದೆ. ಕೆಲವದರಲ್ಲಿ ಸಂವತ್ಸರದ ಹೆಸರು ಮಾತ್ರ.

ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ. ಆದರೆ ಶಕ ವರ್ಷ ಯುಗಾದಿಗೆ ಶುರುವಾಗುವುದರಿಂದ ಜನವರಿಯಿಂದ ಮುಂದಿನ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು. ಶಕ 1815 ಅಂದರೆ 1893ರ ಯುಗಾದಿಯಿಂದ 1894ರ ಯುಗಾದಿಯವರೆಗೆ. ತಿಂಗಳು ಗೊತ್ತಿದ್ದರೆ ಅನುಕೂಲ. ಚೈತ್ರದಿಂದ ಕಾರ್ತಿಕದವರೆಗೆ ಇದ್ದರೆ 1893. ಮಾಘ, ಫಾಲ್ಗುಣ ಆದರೆ 1894. ಮಾರ್ಗಶಿರ, ಪುಷ್ಯ ವರ್ಷದ ಅಂಚಿನಲ್ಲಿ ಬರುತ್ತವೆ. ಅವುಗಳಿಗೆ ಆ ವರ್ಷದ ಪಂಚಾಂಗ ನೋಡದೆ ತೀರ್ಮಾನ ಮಾಡಬೇಡಿ.

ಸಂವತ್ಸರ ಮತ್ತು ಶಕ ಎರಡೂ ಇದ್ದರೆ ಒಂದರಿಂದ ಇನ್ನೊಂದನ್ನು ಪರೀಕ್ಷೆ ಮಾಡಬಹುದು. ಶಕ ವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. 1815ಕ್ಕೆ 12 ಸೇರಿಸಿದರೆ 1827. 60ರಿಂದ ಭಾಗಿಸಿದರೆ 27 ಉಳಿಯುತ್ತದೆ. ಪ್ರಭವದಿಂದ ಎಣಿಸಿದರೆ 27ನೆಯದು ವಿಜಯ. ಸರಿಹೋಯಿತು. ಶೇಷ ಸೊನ್ನೆ ಬಂದರೆ ಅರವತ್ತನೆಯದಾದ ಅಕ್ಷಯ.

ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿ ಬೇಡ. ಕಳೆದ ಶಕ ವರ್ಷ ಎಣಿಸುವುದು, ನಡೆಯುತ್ತಿರುವ ಶಕ ವರ್ಷ ಎಣಿಸುವುದು ಅಂತ ಎರಡು ಪದ್ಧತಿ ಇತ್ತು. ವಿಜಯ ಸಂವತ್ಸರವನ್ನು ಶಕ 1816 ಅಂತ ಬರೆದವರೂ ಇರಬಹುದು. ಇಂಥ ಕಡೆ ಸಂವತ್ಸರದ ಹೆಸರನ್ನೇ ನಂಬುವುದು ಒಳ್ಳೆಯದು. ಅಂಕಿಯಲ್ಲಿ ಅಚ್ಚಿನ ತಪ್ಪು ನುಸುಳುವಷ್ಟು ಸುಲಭವಾಗಿ ಹೆಸರಿನಲ್ಲಿ ನುಸುಳುವುದಿಲ್ಲ. ಸವೆದ ಅಚ್ಚುಮೊಳೆಯಲ್ಲಿ ೬ ಮತ್ತು ೯ ಒಂದರಂತೆ ಒಂದು ಕಾಣುತ್ತವೆ. ೧೮೯೩ನ್ನು ೧೮೬೩ ಅಂತ ಓದಿಬಿಟ್ಟರೂ ಪಕ್ಕದಲ್ಲಿ ‘ವಿಜಯ’ ಅಂತ ಇದ್ದರೆ ತಪ್ಪು ಸಿಕ್ಕಿಬೀಳುತ್ತದೆ. 1863–64 ರುಧಿರೋದ್ಗಾರಿ, ವಿಜಯ ಅಲ್ಲ.

ಸಂವತ್ಸರ ಮಾತ್ರ ಇದ್ದರೆ 1867, 1927, 1987ರ ಯುಗಾದಿಗಳಿಂದ ಎಣಿಸಿ. ಆ ಮೂರೂ ಪ್ರಭವ. ಅದರ ಹಿಂದಿನದು 1807. ಕ್ರಮಸಂಖ್ಯೆಯಿಂದ ಒಂದು ಕಳೆದು ಕೂಡಿಸಿದರೆ ಸಾಕು. ವಿಜಯಕ್ಕೆ 26 ಕೂಡಿಸಿದರೆ 1833, 1893, 1953 ಸಿಗುತ್ತವೆ. ಇದು ದಕ್ಷಿಣದ ಎಣಿಕೆ. ಉತ್ತರ ಭಾರತದಲ್ಲಿ ಅದೇ ವರ್ಷಕ್ಕೆ ಬೇರೆ ಸಂವತ್ಸರದ ಹೆಸರು ಬರುತ್ತದೆ. ಕಾಶಿಯಲ್ಲಿ ಅಚ್ಚಾದ ಸಂಸ್ಕೃತ ಪುಸ್ತಕಕ್ಕೆ ಈ ಲೆಕ್ಕ ಹಾಕಬೇಡಿ. ದಕ್ಷಿಣ ಕನ್ನಡದ ಕಡೆ ಸೌರಮಾನ ಇರುವುದರಿಂದ ಅಲ್ಲಿ ವರ್ಷ ಶುರುವಾಗುವುದು ಏಪ್ರಿಲ್ ನಡುವೆ, ಬಿಸುವಿಗೆ.

ಬೇರೆ ಎಣಿಕೆಗಳೂ ಎದುರಾಗುತ್ತವೆ. ಜೈನ ಗ್ರಂಥಗಳಲ್ಲಿ ವೀರ ನಿರ್ವಾಣ ಸಂವತ್ ಇದ್ದರೆ 527 ಕಳೆಯಿರಿ, ಜನವರಿಯಿಂದ ದೀಪಾವಳಿಯೊಳಗಿನದಾದರೆ 526. ಕಲಿ ವರ್ಷದಿಂದ 3101 ಕಳೆಯಿರಿ. ಹೈದರಾಬಾದ್ ಸಂಸ್ಥಾನದ ಕಡೆಯ ಕಾಗದಪತ್ರಗಳಲ್ಲಿ ಫಸಲಿ ಇದ್ದರೆ 590 ಕೂಡಿಸಿ. ಎಲ್ಲದರಲ್ಲೂ ಒಂದು ವರ್ಷ ಆಚೀಚೆ ಇಟ್ಟುಕೊಳ್ಳಿ.

ಹುಡುಕುವವರಿಗೆ ಇದೆಲ್ಲ ಯಾಕೆ ಅಂದರೆ, ಎಷ್ಟೋ ದಾಖಲೆಗಳಲ್ಲಿ ಶಕ ವರ್ಷವನ್ನೇ ಇಸವಿ ಅಂತ ತುಂಬಿರುತ್ತಾರೆ. ಶಕ 1855 ಅಂತ ಅಚ್ಚಾದ ಪುಸ್ತಕ 1933–34ರದ್ದು. ಕ್ಯಾಟಲಾಗಿನಲ್ಲಿ ‘1855’ ಅಂತ ಕೂತರೆ ಅದು ಹತ್ತೊಂಬತ್ತನೆಯ ಶತಮಾನದ ಪುಸ್ತಕ ಅನ್ನಿಸಿಕೊಳ್ಳುತ್ತದೆ. 1930ರ ದಶಕದಲ್ಲಿ ಹುಡುಕುವವರಿಗೆ ಎಂದೂ ಸಿಗುವುದಿಲ್ಲ. ಆದ್ದರಿಂದ 1930ರ ದಶಕ ಬೇಕಿದ್ದರೆ 1852ರಿಂದ 1861ರವರೆಗೂ ಒಮ್ಮೆ ಹುಡುಕಿ. ಬೇಕಾದ ವರ್ಷದಿಂದ 78 ಕಳೆದು ಇನ್ನೊಂದು ಸುತ್ತು, ಅಷ್ಟೇ. ಇನ್ನೊಂದು ಗುರುತು ನೆನಪಿಡಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಗಿದ್ದು 1817ರಲ್ಲಿ. ಕನ್ನಡ ಅಚ್ಚಿನ ಇತಿಹಾಸ ಶುರುವಾಗುವುದೇ ಆ ಹೊತ್ತಿಗೆ. 1790, 1805, 1812 ಅಂತ ಕನ್ನಡ ಅಚ್ಚು ಪುಸ್ತಕ ಕಂಡರೆ ಬಹುಪಾಲು ಅದು ಶಕ ವರ್ಷ. ಶಕ 1805 ಅಂದರೆ 1883.

ಐದನೆಯ ಹಂತ: ಪುಸ್ತಕದ ಒಳಗಿನ ಸಾಕ್ಷಿ ಸೇರಿಸಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸ್ಕ್ಯಾನ್ ಆದ ಪುಸ್ತಕ ನಿಮ್ಮ ಮುಂದಿದೆ. ಕ್ಯಾಟಲಾಗಿನಲ್ಲಿ ಇಸವಿ 1900. ಶೀರ್ಷಿಕೆ ಪುಟದಲ್ಲಿ ‘ವಿಜಯ ಸಂವತ್ಸರ’ ಅಂತ ಮಾತ್ರ ಇದೆ. ಬೆಲೆ 6 ಆಣೆ. ಆಳುವ ಮಹಾಪ್ರಭುಗಳಾದ ಚಾಮರಾಜ ಒಡೆಯರಿಗೆ ಅರ್ಪಣೆ. ಒಳಪುಟದಲ್ಲಿ ಒಂದು ಗ್ರಂಥಾಲಯದ ಮುದ್ರೆ, ಅದರಲ್ಲಿ 1931.

ವಿಜಯ ಅಂದರೆ 1833–34, 1893–94 ಅಥವಾ 1953–54. ಆಣೆಯಿಂದ ಇಲ್ಲಿ ಏನೂ ತೀರ್ಮಾನವಾಗುವುದಿಲ್ಲ. ದಶಮಾಂಶ ನಾಣ್ಯ ಬಂದಿದ್ದು 1957ರ ಏಪ್ರಿಲ್ 1ಕ್ಕೆ, ಮೂರೂ ಅದಕ್ಕಿಂತ ಹಿಂದಿನವು. ಮುದ್ರೆಯಲ್ಲಿ 1931 ಇರುವುದರಿಂದ 1953 ಬಿದ್ದುಹೋಯಿತು. ಚಾಮರಾಜ ಒಡೆಯರು ಆಳಿದ್ದು 1881ರಿಂದ 1894ರ ಡಿಸೆಂಬರ್‌ವರೆಗೆ. 1833ರಲ್ಲಿ ಇದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಹಾಗಾಗಿ ಉಳಿದದ್ದು 1893–94. ಕ್ಯಾಟಲಾಗಿನ 1900 ತಪ್ಪು. ಪುಸ್ತಕದ ಕಾಲ 1893ರ ಯುಗಾದಿಯಿಂದ 1894ರ ಯುಗಾದಿಯೊಳಗೆ.

ಮೂರು ಪುಟ ತಿರುವಿದ್ದಕ್ಕೆ ಇಷ್ಟು ಸಿಕ್ಕಿತು. ಹೀಗೆ ‘ಇದಕ್ಕಿಂತ ಮೊದಲಲ್ಲ’, ‘ಇದಕ್ಕಿಂತ ಆಮೇಲಲ್ಲ’ ಅಂತ ಎರಡು ಗಡಿ ಹಾಕುತ್ತಾ ಹೋಗಬೇಕು. ಕೆಲಸಕ್ಕೆ ಬರುವ ಇನ್ನಷ್ಟು ಗುರುತುಗಳು ಇಲ್ಲಿವೆ.

ವಾಣಿವಿಲಾಸ ಸನ್ನಿಧಾನದವರನ್ನು (ಚಾಮರಾಜ ಒಡೆಯರ ರಾಣಿ) ರೀಜೆಂಟರು, ಅಂದರೆ ಮಗನ ಪರವಾಗಿ ಆಳುವವರು, ಅಂತ ಹೆಸರಿಸಿದ್ದರೆ 1895ರಿಂದ 1902ರೊಳಗೆ. ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿರುವಂತೆ ಬರೆದಿದ್ದರೆ 1940ರ ಆಗಸ್ಟ್‌ಗಿಂತ ಈಚೆ ಅಲ್ಲ. ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ 1957ರಿಂದ 1964ರ ಆಸುಪಾಸು. ‘ನಯೇ’ ಅನ್ನುವುದನ್ನು 1964ರ ಜೂನ್‌ನಲ್ಲಿ ಕೈಬಿಟ್ಟರು. ‘ಬೆಂಗಳೂರು–4’ ಅಂತ ಒಂದೆರಡು ಅಂಕಿಯ ವಲಯ ಸಂಖ್ಯೆ ಇದ್ದರೆ ಬಹುಶಃ 1972ಕ್ಕಿಂತ ಹಿಂದಿನದು. ‘560 004’ ಅಂತ ಆರಂಕಿ ಇದ್ದರೆ ಖಂಡಿತ ಆಮೇಲಿನದು, ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ವಿಳಾಸದಲ್ಲಿ ‘ಮೈಸೂರು ರಾಜ್ಯ’ ಇದ್ದರೆ 1973ರ ನವೆಂಬರ್‌ಗಿಂತ ಹಿಂದೆ. 978ರಿಂದ ಶುರುವಾಗುವ ಹದಿಮೂರು ಅಂಕಿಯ ಐಎಸ್‌ಬಿಎನ್ ಇದ್ದರೆ 2007ರ ಹೊತ್ತಿನದು ಅಥವಾ ಈಚಿನದು.

ಒಂದು ಎಚ್ಚರ. ಆಮೇಲೆ ಅಂಟಿಸಿದ ಬೆಲೆ ಚೀಟಿ, ಹೊಸ ರಕ್ಷಾಪುಟ ಇವು ಪುಸ್ತಕಕ್ಕಿಂತ ಚಿಕ್ಕ ವಯಸ್ಸಿನವು. ಹಳೆಯ ದಾಸ್ತಾನಿಗೆ ಹೊಸ ಬೆಲೆ ಹಾಕಿ ಮಾರುವುದು ಮೊದಲಿನಿಂದ ನಡೆದು ಬಂದದ್ದು. ಗಡಿ ಹಾಕುವಾಗ ಒಳಪುಟದ ಅಚ್ಚನ್ನು ನಂಬಿ, ಚೀಟಿಯನ್ನಲ್ಲ.

ಆರನೆಯ ಹಂತ: ಈಗ ಸೋಸಣಿಗೆ ಹಾಕಿ, ಆದರೆ ಅಗಲವಾಗಿ

ಅನುಮಾನದ ಇಸವಿಯನ್ನು ಒಂದೊಂದು ತಂತ್ರಾಂಶ ಒಂದೊಂದು ರೀತಿ ನೋಡುತ್ತದೆ. ಎಷ್ಟೋ ಗ್ರಂಥಾಲಯಗಳ ಹುಡುಕಾಟದ ಹಿಂದೆ ಟ್ರಾಜೆಕ್ಟ್ ಅನ್ನುವ ಮುಕ್ತ ತಂತ್ರಾಂಶ ಇದೆ. ಅದು ದಶಕ ಮಾತ್ರ ಗೊತ್ತಿರುವ ಪುಸ್ತಕಕ್ಕೆ ದಶಕದ ನಡುವಿನ ವರ್ಷ ಕೊಡುತ್ತದೆ. 189- ಅಂತ ಇದ್ದರೆ ಅದರ ಕಣ್ಣಿಗೆ 1895. ನೀವು 1890ರಿಂದ 1893 ಅಂತ ಹುಡುಕಿದರೆ ಆ ಪುಸ್ತಕ ಬರುವುದಿಲ್ಲ. ಅಂದಾಜಿನ ಅಂತರ 15 ವರ್ಷಕ್ಕಿಂತ ಜಾಸ್ತಿಯಾದರೆ, ಅಂದರೆ 19-- ಅಂತ ಇದ್ದರೆ, ಅದು ತಾನಾಗಿ ಇಸವಿ ಕಟ್ಟುವುದಿಲ್ಲ. ಬೇರೆ ಕೆಲವು ತಂತ್ರಾಂಶಗಳು ಗೀಟಿನ ಜಾಗದಲ್ಲಿ ಸೊನ್ನೆ ಹಾಕುತ್ತವೆ, ಕೆಲವು ಒಂಬತ್ತು ಹಾಕುತ್ತವೆ. ಒಂದರಲ್ಲಿ 1900 ಆದದ್ದು ಇನ್ನೊಂದರಲ್ಲಿ 1999.

ಹಾಗಾಗಿ ನಾನು ಹೇಳುವುದು ಹೀಗೆ. 1893ರ ಪುಸ್ತಕ ಬೇಕಿದ್ದರೆ ಮೊದಲ ಸುತ್ತು 1890ರಿಂದ 1899, ಇಡೀ ದಶಕ. ಎರಡನೆಯ ಸುತ್ತು 1800, 1850, 1900 ಈ ದುಂಡು ವರ್ಷಗಳನ್ನು ಒಂದೊಂದಾಗಿ ಹಾಕಿ, ಜೊತೆಗೆ ಹೆಸರಿನ ಒಂದು ಪದ ಅಥವಾ ಊರು. ಮೂರನೆಯ ಸುತ್ತು 1815, 1816, ಅಂದರೆ ಶಕ ವರ್ಷ. ಕೊನೆಗೆ ಇಸವಿಯೇ ಇಲ್ಲದವು. ಇಸವಿಯಿಲ್ಲದವನ್ನು ಬೇರೆಯಾಗಿ ತೋರಿಸುವ ಸೌಲಭ್ಯ ಇಲ್ಲದ ಕಡೆ ಲೇಖಕರ ಹೆಸರು ಹಾಕಿ, ಸೋಸಣಿಗೆ ತೆಗೆದು, ಪಟ್ಟಿಯನ್ನು ಕಣ್ಣಲ್ಲೇ ಓದಿ. ಕನ್ನಡದ ಹಳೆಯ ಲೇಖಕರ ಪಟ್ಟಿ ಸಾಮಾನ್ಯವಾಗಿ ಓದಿ ಮುಗಿಸಲಾಗದಷ್ಟು ಉದ್ದ ಇರುವುದಿಲ್ಲ.

ಪುಸ್ತಕದ ಒಳಪಠ್ಯದಲ್ಲಿ ಹುಡುಕುವ ಸೌಲಭ್ಯ ಇದ್ದರೆ ಅಂಕಿಯನ್ನು ಎರಡು ರೀತಿಯಲ್ಲೂ ಹಾಕಿ, 1893 ಮತ್ತು ೧೮೯೩. ಇವೆರಡೂ ಒಂದೇ ಅಂತ ಎಲ್ಲ ಯಂತ್ರಗಳಿಗೂ ತಿಳಿಯದು. ಅಕ್ಷರ ಗುರುತಿಸುವ ತಂತ್ರಾಂಶ ಕನ್ನಡದ ಸೊನ್ನೆಯನ್ನೂ ಅನುಸ್ವಾರವನ್ನೂ ಅದಲುಬದಲು ಮಾಡುತ್ತದೆ. ೧೯೧೦ ಅನ್ನುವುದು ಕೊನೆಯಲ್ಲಿ ಅನುಸ್ವಾರ ಅಂಟಿಕೊಂಡು ಕೂತಿರಬಹುದು. ಅಂಥ ಕಡೆ ಅಂಕಿ ಬಿಟ್ಟು ‘ವಿಜಯ ಸಂವತ್ಸರ’, ‘ವಿಜಯನಾಮ ಸಂವತ್ಸರ’, ‘ವಿಜಯ ಸಂ’ ಇಂಥ ಪದಗಳಿಂದ ಹುಡುಕುವುದೇ ವಾಸಿ.

ಏಳನೆಯ ಹಂತ: ಹೊರಗಿನ ದಾಖಲೆಯಲ್ಲಿ ತಾಳೆ ನೋಡಿ

1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಪುಸ್ತಕದಲ್ಲಿ ಮುದ್ರಕರ ಹೆಸರು, ಅಚ್ಚಾದ ಊರು, ಪ್ರಕಾಶಕರ ಹೆಸರು, ಪ್ರಕಟವಾದ ಊರು ಅಚ್ಚು ಮಾಡಲೇಬೇಕಿತ್ತು. ಇಸವಿ ಹಾಕಲೇಬೇಕು ಅಂತ ಆ ಕಲಂನಲ್ಲಿ ಇರಲಿಲ್ಲ. ಅಷ್ಟೊಂದು ಪುಸ್ತಕಗಳಲ್ಲಿ ಊರು, ಮುದ್ರಾಕ್ಷರಶಾಲೆ ಎಲ್ಲ ಇದ್ದು ವರ್ಷ ಮಾತ್ರ ಇಲ್ಲದಿರುವುದು ಯಾಕೆ ಅಂತ ಕೇಳುವವರಿಗೆ ಇದೂ ಒಂದು ಉತ್ತರ. ಆದರೆ ಅದೇ ಕಾಯ್ದೆಯಡಿ ಸರ್ಕಾರ ಪ್ರತಿ ಪುಸ್ತಕದ ವಿವರ ದಾಖಲಿಸಿ ಮೂರು ತಿಂಗಳಿಗೊಮ್ಮೆ ಗೆಜೆಟ್‌ನಲ್ಲಿ ಪಟ್ಟಿ ಹಾಕುತ್ತಿತ್ತು. ಆ ವಿವರದಲ್ಲಿ ಪುಸ್ತಕ ಮುದ್ರಣಾಲಯದಿಂದ ಹೊರಬಂದ ಅಥವಾ ಪ್ರಕಟವಾದ ದಿನವೂ ಸೇರಿತ್ತು. ಮಂಗಳೂರು, ಬಳ್ಳಾರಿಯ ಪುಸ್ತಕಗಳಿಗೆ ಮದರಾಸು ಪ್ರಾಂತ್ಯದ ಪಟ್ಟಿ, ಧಾರವಾಡ, ಬೆಳಗಾವಿಯವಕ್ಕೆ ಮುಂಬಯಿ ಪ್ರಾಂತ್ಯದ ಪಟ್ಟಿ. ಈ ತ್ರೈಮಾಸಿಕ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ನಿಮ್ಮ ಪುಸ್ತಕಕ್ಕೆ ಎರಡು ವರ್ಷದ ಗಡಿ ಸಿಕ್ಕಿದ್ದರೆ ಎಂಟೇ ಪಟ್ಟಿ ನೋಡಿದರಾಯಿತು. ಗಡಿ ಹಾಕುವ ಶ್ರಮ ಇಲ್ಲಿ ಸಾರ್ಥಕವಾಗುತ್ತದೆ.

ಎಂಟನೆಯ ಹಂತ: ನೀವೇ ಕ್ಯಾಟಲಾಗ್ ಮಾಡುತ್ತಿದ್ದರೆ

ಮಠದ ಪುಸ್ತಕಗಳು, ಊರಿನ ವಾಚನಾಲಯ, ಮನೆತನದ ಸಂಗ್ರಹ ಇವನ್ನು ಸ್ಕ್ಯಾನ್ ಮಾಡಿ ಪಟ್ಟಿ ಮಾಡುವ ಕೆಲಸ ಈಗ ಅಲ್ಲಲ್ಲಿ ನಡೆಯುತ್ತಿದೆ. ಅವರಲ್ಲಿ ಒಂದು ಮನವಿ. ಇಸವಿಗೆ ಒಂದೇ ಕಾಲಂ ಇಡಬೇಡಿ. ನಾಲ್ಕು ಇಡಿ. ಪುಸ್ತಕದಲ್ಲಿ ಅಚ್ಚಾಗಿರುವಂತೆಯೇ ಒಂದು: ‘ವಿಜಯ ಸಂವತ್ಸರ’. ಮೊದಲ ಇಸವಿ: 1893. ಕೊನೆಯ ಇಸವಿ: 1894. ನಾಲ್ಕನೆಯದು ಆಧಾರ: ‘ಸಂವತ್ಸರ, ಅರ್ಪಣೆ, 1931ರ ಮುದ್ರೆ’. ಇಸವಿ ಖಚಿತವಿದ್ದರೆ ನಡುವಿನ ಎರಡರಲ್ಲೂ ಒಂದೇ ಅಂಕಿ. ಏನೂ ಗೊತ್ತಿಲ್ಲದಿದ್ದರೆ ಎರಡೂ ಖಾಲಿ. ಖಾಲಿ ಬಿಡುವುದು ತಪ್ಪಲ್ಲ. ಸುಮ್ನೆ 1900 ಹಾಕುವುದು ತಪ್ಪು, ಮುಂದೆ ಬರುವವರಿಗೆ ಅದು ನಿಜವೋ ತುಂಬಿಸಿದ್ದೋ ತಿಳಿಯುವ ದಾರಿಯೇ ಇರುವುದಿಲ್ಲ.

ಎಕ್ಸೆಲ್‌ನಲ್ಲಿ ಮಾಡುವವರು ಆ ಕಾಲಂಗಳನ್ನು ದಿನಾಂಕ ಅಂತ ಇಡದೆ ಪಠ್ಯ ಅಂತ ಇಡಿ. ಎಕ್ಸೆಲ್‌ನ ದಿನಾಂಕದ ಲೆಕ್ಕ ಶುರುವಾಗುವುದೇ 1900ರ ಜನವರಿ 1ರಿಂದ. ಅದಕ್ಕಿಂತ ಹಿಂದಿನದು ಅದಕ್ಕೆ ದಿನಾಂಕವೇ ಅಲ್ಲ.

ಕೋಹಾ ಅನ್ನುವ ಗ್ರಂಥಾಲಯ ತಂತ್ರಾಂಶ ಬಳಸುವವರು ಮಾರ್ಕ್ 21ರ (ಪುಸ್ತಕದ ವಿವರವನ್ನು ಕಂಪ್ಯೂಟರಿಗೆ ಬರೆಯುವ ನಮೂನೆ) 008 ಫೀಲ್ಡ್ ನೋಡಿ. ಸೊನ್ನೆಯಿಂದ ಎಣಿಸಿದರೆ 6ನೆಯ ಸ್ಥಾನದಲ್ಲಿ ಇಸವಿ ಎಂಥದ್ದು ಅನ್ನುವ ಗುರುತು. 7ರಿಂದ 10 ಮೊದಲ ಇಸವಿ, 11ರಿಂದ 14 ಎರಡನೆಯ ಇಸವಿ. ಅನುಮಾನ ಇದ್ದರೆ ಗುರುತಿನ ಜಾಗದಲ್ಲಿ ಇಂಗ್ಲಿಷಿನ ಕ್ಯೂ ಅಕ್ಷರ, ಆಮೇಲೆ 1893, 1894. ಇಸವಿಯೇ ತಿಳಿಯದಿದ್ದರೆ ಎನ್ ಅಕ್ಷರ, ಅಂಕಿಗಳ ಜಾಗದಲ್ಲಿ ಯು. ಓದುವವರಿಗೆ ಕಾಣುವ 264 ಅಥವಾ 260 ಫೀಲ್ಡ್‌ನಲ್ಲಿ [1893 ಅಥವಾ 1894] ಅಂತ ಬರೆದರೆ ಸಾಲದು, 008ರಲ್ಲೂ ಇರಬೇಕು. ಇಸವಿಯ ಸೋಸಣಿಗೆ ಸಾಮಾನ್ಯವಾಗಿ ನೋಡುವುದು 008ನ್ನು.

ಹೊಸದಾಗಿ ಡಿಜಿಟಲ್ ಸಂಗ್ರಹ ಕಟ್ಟುವವರು ಅನುಮಾನದ ದಿನಾಂಕವನ್ನೂ ಕಂಪ್ಯೂಟರಿಗೆ ತಿಳಿಯುವಂತೆ ಬರೆಯುವ ಇಡಿಟಿಎಫ್ ಪದ್ಧತಿ ಬಳಸಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬೆಳೆದ ಇದು 2019ರಲ್ಲಿ ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601ರ ಎರಡನೆಯ ಭಾಗಕ್ಕೆ ಸೇರಿತು. ಕಲಿಯುವುದು ಕಷ್ಟವಲ್ಲ. 1893? ಅಂದರೆ ಅನುಮಾನ. 1893~ ಅಂದರೆ ಸುಮಾರು. 1893% ಅಂದರೆ ಎರಡೂ. 1893/1899 ಅಂದರೆ ಅಲ್ಲಿಂದ ಇಲ್ಲಿಯವರೆಗೆ. [1893,1894] ಅಂದರೆ ಇವೆರಡರಲ್ಲಿ ಯಾವುದೋ ಒಂದು. ಗೊತ್ತಿಲ್ಲದ ಅಂಕಿಯ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಎಕ್ಸ್ ಅಕ್ಷರ. ಮೇಲಿನ ಉದಾಹರಣೆಯ ಪುಸ್ತಕಕ್ಕೆ [1893,1894] ಸರಿ. 1893/1894 ಅಂತ ಬರೆದರೆ ಎರಡು ವರ್ಷ ಉದ್ದಕ್ಕೂ ಅಚ್ಚಾಯಿತು ಅಂತ ಅರ್ಥ ಬರುತ್ತದೆ. ಸಂಪುಟಗಳಾಗಿ ಬಂದ ಗ್ರಂಥಕ್ಕೆ ಅದು ಸರಿ, ಇದಕ್ಕಲ್ಲ.

ಹುಡುಕಾಟದ ಪುಟ ಮಾಡಿಕೊಡುವ ತಂತ್ರಜ್ಞರಿಗೆ ಒಂದೇ ನಿಯಮ ಹೇಳಿ. ಪುಸ್ತಕದ ಕೊನೆಯ ಇಸವಿ ಓದುಗರು ಹಾಕಿದ ‘ಇಂದ’ ವರ್ಷಕ್ಕೆ ಸಮ ಅಥವಾ ಈಚೆ ಇದ್ದು, ಮೊದಲ ಇಸವಿ ‘ವರೆಗೆ’ ವರ್ಷಕ್ಕೆ ಸಮ ಅಥವಾ ಹಿಂದೆ ಇದ್ದರೆ ಆ ಪುಸ್ತಕವನ್ನು ತೋರಿಸಬೇಕು. 1890–1899 ಅಂತ ಅಂದಾಜಿರುವ ಪುಸ್ತಕ 1895–1905ರ ಹುಡುಕಾಟದಲ್ಲೂ ಬರಬೇಕು, 1885–1890ರಲ್ಲೂ ಬರಬೇಕು. ಇಸವಿ ಇಲ್ಲದವನ್ನು ಪಟ್ಟಿಯ ಕೆಳಗೆ ಬೇರೆಯಾಗಿ, ಅವು ಎಷ್ಟಿವೆ ಅಂತ ಹೇಳಿ ತೋರಿಸಬೇಕು.

ತಪ್ಪು ಕಂಡರೆ ತಿಳಿಸುವುದು

ಕ್ಯಾಟಲಾಗಿನಲ್ಲಿ 1855 ಇದ್ದು ಪುಸ್ತಕದಲ್ಲಿ ಶಕ 1855 ಕಂಡರೆ ಆ ಗ್ರಂಥಾಲಯಕ್ಕೆ ಬರೆಯಿರಿ. ಬರೀ ‘ಇಸವಿ ತಪ್ಪಾಗಿದೆ’ ಅಂದರೆ ಅವರಿಗೆ ಏನೂ ಮಾಡಲಾಗದು, ಅಲ್ವಾ? ದಾಖಲೆಯ ಗುರುತಿನ ಸಂಖ್ಯೆ, ಸ್ಕ್ಯಾನಿನಲ್ಲಿ ಎಷ್ಟನೆಯ ಪುಟ, ಅಲ್ಲಿ ಅಚ್ಚಾಗಿರುವ ಸಾಲು ಇದ್ದ ಹಾಗೇ, ನೀವು ಹಾಕಿದ ಲೆಕ್ಕ, ಬಂದ ಇಸವಿ ಇಷ್ಟನ್ನೂ ಕಳಿಸಿ. ಕನ್ನಡ ಬಾರದ ಸಿಬ್ಬಂದಿಯೂ ನೋಡಿ ತಿದ್ದುವ ಹಾಗೆ ಆ ಸಾಲಿನ ಪಕ್ಕ ಇಂಗ್ಲಿಷಿನಲ್ಲಿ ಅರ್ಥ ಬರೆಯಿರಿ. ನಿಮ್ಮ ಲೇಖನದಲ್ಲಿ ಆ ಪುಸ್ತಕವನ್ನು ಉಲ್ಲೇಖಿಸುವಾಗ ಅವರು ತಿದ್ದುವ ತನಕ ಕಾಯಬೇಕಿಲ್ಲ. ‘[1933 ಅಥವಾ 1934], ಶಕ 1855, ಕ್ಯಾಟಲಾಗಿನಲ್ಲಿ 1855’ ಅಂತ ಮೂರನ್ನೂ ಹಾಕಿ. ಆ ತಪ್ಪು ಇಸವಿಯಿಂದಲೇ ಹುಡುಕಿ ಬರುವವರಿಗೂ ಪುಸ್ತಕ ಸಿಗುತ್ತದೆ.